ಅಪರೂಪದ ಆಡುಮಾತಿನ ಪದ ಸಿಕ್ಕರೆ ಅದರ ಬೇರು ಹುಡುಕುವುದು ಹೇಗೆ?

“ಇನ್ನೂ ಪಗಾರ ಆಗಿಲ್ರೀ” ಅಂತ ಒಬ್ಬರು ಹೇಳುತ್ತಾರೆ. ಪಕ್ಕದಲ್ಲಿ ಕೂತವರು ಸಂಬಳ ಅನ್ನುವ ಕಡೆಯವರು. ಅರ್ಥವಾಗುತ್ತದೆ, ಮಾತು ಮುಂದೆ ಹೋಗುತ್ತದೆ. ಆದರೆ ಕೆಲವರ ಮನಸ್ಸು ಅಲ್ಲೇ ನಿಂತುಬಿಡುತ್ತದೆ. ಈ ಪಗಾರ ಎಲ್ಲಿಂದ ಬಂತು? ಇವರಿಗೆ ಯಾಕೆ ಸಂಬಳ ಸಾಲಲಿಲ್ಲ?

ಈ ಲೇಖನ ಹಾಗೆ ನಿಂತುಬಿಡುವವರಿಗೆ. ಭಾಷಾವಿಜ್ಞಾನ ಓದಿರಬೇಕು ಅಂತೇನಿಲ್ಲ. ಒಂದು ನೋಟ್‌ಬುಕ್ಕು, ಎರಡು ಮೂರು ಒಳ್ಳೆಯ ನಿಘಂಟು, ಒಂದಿಷ್ಟು ಅನುಮಾನದ ಬುದ್ಧಿ ಇದ್ದರೆ ಸಾಕು. ಮೂರನೆಯದು ಸ್ವಲ್ಪ ಜಾಸ್ತಿಯೇ ಇರಲಿ. ಯಾಕಂದರೆ ಈ ಕೆಲಸದಲ್ಲಿ ನಮಗೆ ಮೋಸ ಮಾಡುವುದು ನಮ್ಮ ಕಿವಿಯೇ. ಎರಡು ಪದ ಒಂದೇ ಥರ ಕೇಳಿಸಿದವೋ, ಸಂಬಂಧ ಕುದುರಿಸಿಯೇ ಬಿಡುತ್ತೇವೆ.

ಕೇಳಿದ ಹಾಗೇ ಬರೆದುಕೊಳ್ಳಿ

ನನ್ನ ಮೊದಲ ನೋಟ್‌ಬುಕ್ಕು ಇನ್ನೂ ಇದೆ. ಎಡಗಡೆ ಪದ, ಬಲಗಡೆ ಅರ್ಥ. ಅಷ್ಟೇ. “ಲಗೂ – ಬೇಗ”, ಅದರ ಕೆಳಗೇ “ಹಗೂರ – ನಿಧಾನ”. ಯಾರು ಹೇಳಿದ್ದು, ಯಾವ ಕಡೆಯವರು, ಯಾವ ಮಾತಿನ ನಡುವೆ ಬಂತು, ಒಂದನ್ನೂ ಬರೆದಿಲ್ಲ. ನೂರಾರು ಪದಗಳಿವೆ, ಅರ್ಧಕ್ಕರ್ಧ ಈಗ ಕೆಲಸಕ್ಕೆ ಬರುವುದಿಲ್ಲ. ಆ ತಪ್ಪು ನೀವು ಮಾಡಬೇಡಿ.

ಪದ ಒಂದನ್ನೇ ಅಲ್ಲ, ಅದು ಬಂದ ಪೂರ್ತಿ ವಾಕ್ಯ ಬರೆಯಿರಿ. ಹೇಳಿದವರ ಸುಮಾರು ವಯಸ್ಸು, ಅವರು ಬೆಳೆದ ಜಾಗ, ಮನೆಯಲ್ಲಿ ಆಡುವ ಭಾಷೆ ಬರೆಯಿರಿ. ದಿನಾಂಕ ಹಾಕಿ. ಸಾಧ್ಯವಾದರೆ ಕೇಳಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ. ಮುಖ್ಯವಾಗಿ, ಪದವನ್ನು ತಿದ್ದಬೇಡಿ. “ಆಲು” ಅಂದರೆ “ಆಲು” ಅಂತಲೇ ಬರೆಯಿರಿ, “ಹಾಲು” ಅಂತ ಸರಿಮಾಡಿಬಿಟ್ಟರೆ ಸಾಕ್ಷಿಯನ್ನೇ ಒರೆಸಿಹಾಕಿದಂತೆ.

ಈ ವಿಷಯದಲ್ಲಿ ನನಗೆ ಗುರು ಅನ್ನಿಸುವವರು ಫ್ರಾನ್ಸಿನ ಎಡ್ಮೋಂಡ್ ಎಡ್ಮೋಂ. ಪ್ರೊಫೆಸರ್ ಅಲ್ಲ, ದಿನಸಿ ವ್ಯಾಪಾರ ಮಾಡಿಕೊಂಡಿದ್ದವರು. ಆದರೆ ಕಿವಿ ಬಹಳ ಚುರುಕು. ಭಾಷಾವಿಜ್ಞಾನಿ ಜೂಲ್ ಗಿಲಿಯೆರೋನ್ ಅವರು ಇವರ ಕೈಗೆ ಪ್ರಶ್ನೆಗಳ ಪಟ್ಟಿ ಕೊಟ್ಟು ಕಳಿಸಿದರು. 1897ರಿಂದ 1901ರವರೆಗೆ ಎಡ್ಮೋಂ 639 ಊರು ಸುತ್ತಿದರು, ಜನ ಮೊದಲ ಬಾಯಿಗೆ ಏನು ಹೇಳಿದರೋ ಅದನ್ನೇ ಬರೆದುಕೊಂಡರು. “ಸರಿಯಾದ ಪದ ಯಾವುದು, ಯೋಚಿಸಿ ಹೇಳಿ” ಅಂದರೆ ಜನ ಪುಸ್ತಕದ ಪದ ಹೇಳುತ್ತಾರೆ. ಮೊದಲ ಬಾಯಿಗೆ ಬರುವುದೇ ಮನೆಯ ಪದ.

ಅದಕ್ಕೂ ಮೊದಲು ಜರ್ಮನಿಯ ಗೇಯೋರ್ಗ್ ವೆಂಕರ್ 1876ರಲ್ಲಿ ಬೇರೆ ದಾರಿ ಹಿಡಿದಿದ್ದರು. ಅಂಚೆಯಲ್ಲಿ ಶಾಲೆ ಮೇಷ್ಟ್ರುಗಳಿಗೆ ಒಂದಷ್ಟು ವಾಕ್ಯ ಕಳಿಸಿ, “ನಿಮ್ಮೂರ ಮಾತಿನಲ್ಲಿ ಬರೆದು ಕಳಿಸಿ” ಅಂದರು. ಮುಂದೆ ಆ ಪಟ್ಟಿ 40 ವಾಕ್ಯಕ್ಕೆ ಬಂದು ನಿಂತಿತು. ನಲವತ್ತು ಸಾವಿರಕ್ಕೂ ಹೆಚ್ಚು ಉತ್ತರ ಬಂದವು. ಒಬ್ಬೊಬ್ಬ ಮೇಷ್ಟ್ರು ತಮಗೆ ತೋಚಿದ ಕಾಗುಣಿತದಲ್ಲಿ ಬರೆದಿದ್ದರು, ಅದೇ ತಲೆನೋವು. ಹಾಗೆ ನೋಡಿದರೆ ಕೈಯಲ್ಲಿ ಫೋನಿರುವ ನಿಮ್ಮ ಸ್ಥಿತಿ ವೆಂಕರ್‌ಗಿಂತ ವಾಸಿ.

“ಅರ್ಥ ಏನು?” ಅಂತ ಕೇಳಬೇಡಿ

ನೇರವಾಗಿ ಅರ್ಥ ಕೇಳಿದರೆ ಎದುರಿನವರು ಇನ್ನೊಂದು ಪದ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಪಾಪ, ಅವರದ್ದೇನೂ ತಪ್ಪಿಲ್ಲ. ಯಾರಾದರೂ ನಮ್ಮನ್ನು “ಸುಮ್ನೆ ಅಂದರೇನು?” ಅಂತ ಕೇಳಿದರೆ ನಾವೂ ತಡವರಿಸುತ್ತೇವೆ, ಅಲ್ವಾ? “ಯಾಕೆ ಬಂದೆ?” “ಸುಮ್ನೆ.” ಇದರ ಅರ್ಥವನ್ನು ಒಂದು ಪದದಲ್ಲಿ ಹೇಳಿ ನೋಡೋಣ.

ಅದರ ಬದಲು ಬಳಕೆ ಕೇಳಿ. ಈ ಪದ ಯಾರಿಗೆ ಹೇಳುತ್ತೀರಿ? ಯಾರಿಗೆ ಹೇಳುವುದಿಲ್ಲ? ಮಗುವಿಗೆ ಹೇಳಬಹುದಾ? ಬೈಗುಳವಾ, ಮೆಚ್ಚುಗೆಯಾ? ಇದರ ಎದುರು ಪದ ಯಾವುದು? “ಯಾರಿಗೆ ಹೇಳುವುದಿಲ್ಲ” ಅನ್ನುವ ಪ್ರಶ್ನೆಯಿಂದ ನನಗೆ ಸಿಕ್ಕಷ್ಟು ಬೇರೆ ಯಾವುದರಿಂದಲೂ ಸಿಕ್ಕಿಲ್ಲ.

ಇಂಗ್ಲೆಂಡಿನ ನಡುನಾಡಿನಲ್ಲಿ “ನೆಶ್” ಅಂತ ಒಂದು ಪದವಿದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಪೂರ್ವಜ “ಹ್ನೆಶೆ”, ಅಂದರೆ ಮೆತ್ತಗಿನದು. ಬರೀ ನಿಘಂಟು ನೋಡಿದವರು ದಿಂಬಿಗೂ ನೆಶ್ ಅಂದಾರು. ಆಡುವವರು ಹಾಗೆ ಅನ್ನುವುದಿಲ್ಲ. ಸ್ವಲ್ಪ ಗಾಳಿ ಬೀಸಿದರೂ ಮುದುರಿಕೊಳ್ಳುವ ಮನುಷ್ಯನಿಗೆ, ಅದೂ ಛೇಡಿಸುವ ದನಿಯಲ್ಲಿ, ನೆಶ್ ಅನ್ನುತ್ತಾರೆ. ಮೆತ್ತಗಿನದು ಅನ್ನುವ ಅರ್ಥ ಚಳಿ ತಡೆಯದವನು ಅನ್ನುವಲ್ಲಿಗೆ ಬಂದು ನಿಂತಿದೆ.

ಇನ್ನೊಂದನ್ನು ಹತ್ತಿರದಿಂದ ನೋಡೋಣ. ಇಂಗ್ಲಿಷಿನ “ಸ್ಟಾರ್ವ್” ನಮಗೆಲ್ಲ ಗೊತ್ತು, ಹಸಿವಿನಿಂದ ಸಾಯುವುದು. ಆದರೆ ಉತ್ತರ ಇಂಗ್ಲೆಂಡಿನ ಹಳಬರು “ನಾನು ಸ್ಟಾರ್ವ್ ಆಗಿದ್ದೇನೆ” ಅಂದರೆ ಊಟ ತಂದುಕೊಡಬೇಡಿ, ಕಂಬಳಿ ಕೊಡಿ. ಅಲ್ಲಿ ಅದಕ್ಕೆ ಚಳಿಯಿಂದ ನಡುಗುವುದು ಅಂತ ಅರ್ಥ. ಯಾವುದು ಸರಿ? ಎರಡೂ. ಹಳೆಯ ಇಂಗ್ಲಿಷಿನ “ಸ್ಟೆಯೋರ್ಫನ್” ಅಂದರೆ ಬರೀ ಸಾಯುವುದು, ಅದರ ನಂಟಸ್ತನದ ಜರ್ಮನ್ “ಸ್ಟೆರ್ಬನ್” ಈಗಲೂ ಸಾಯುವುದೇ. ಒಂದು ಕಡೆ ಆ ಸಾವು ಹಸಿವಿಗೆ ಅಂಟಿಕೊಂಡಿತು, ಇನ್ನೊಂದು ಕಡೆ ಚಳಿಗೆ. ಅರ್ಥಗಳು ಕವಲೊಡೆದ ಜಾಗ ಸಿಕ್ಕರೆ ಬೇರು ಅಲ್ಲೇ ಕೆಳಗಿರುತ್ತದೆ.

ನನ್ನ ನೋಟ್‌ಬುಕ್ಕಿನ ಆ ಎರಡು ಪದಗಳಲ್ಲೂ ಇಂಥದ್ದೇ ಆಟವಿದೆ ಅಂತ ಬಹಳ ತಡವಾಗಿ ಗೊತ್ತಾಯಿತು. ಸಂಸ್ಕೃತದ ಲಘು ಅಂದರೆ ಭಾರವಿಲ್ಲದ್ದು, ಚುರುಕಾದದ್ದು ಕೂಡ. ಉತ್ತರ ಕರ್ನಾಟಕದ “ಲಗೂನ ಬಾ”ದಲ್ಲಿರುವುದು ಆ ಚುರುಕು. ಅದೇ ಜನ “ಹಗೂರ ಇಳಿ” ಅಂದರೆ ನಿಧಾನ, ಹುಷಾರು. ಹಗುರವಾಗಿ ಹೆಜ್ಜೆ ಇಡು ಅನ್ನುವುದು ಮೆಲ್ಲಗೆ ಅನ್ನುವಂತಾಗಿದೆ. ಭಾರವಿಲ್ಲ ಅನ್ನುವ ಒಂದೇ ಭಾವ, ಒಂದು ಪದದಲ್ಲಿ ಓಡುತ್ತದೆ, ಇನ್ನೊಂದರಲ್ಲಿ ಮೆಲ್ಲಗೆ ನಡೆಯುತ್ತದೆ.

ಒಂದೇ ರೂಪದ ಎರಡು ಪದ ಇರಬಹುದು ಅನ್ನುವುದೂ ನೆನಪಿರಲಿ. ಸ್ಪ್ಯಾನಿಶ್ ಮಾತಾಡುವ ಕ್ಯೂಬಾದಲ್ಲಿ “ಗ್ವಾಗ್ವಾ” ಅಂದರೆ ಬಸ್ಸು. ಅದೇ ಸ್ಪ್ಯಾನಿಶ್ ಮಾತಾಡುವ ಚಿಲಿಯಲ್ಲಿ “ಗ್ವಾಗ್ವಾ” ಅಂದರೆ ಕೂಸು. ಕೂಸಿನ ಪದ ಆಂಡಿಸ್ ಬೆಟ್ಟಗಳ ಕೆಚುವಾ ಭಾಷೆಯ “ವಾವಾ”ದಿಂದ ಬಂದದ್ದು. ಬಸ್ಸಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಉತ್ತರ ಕರ್ನಾಟಕದ “ಚಲೋ” ಕೇಳಿ ಹಿಂದಿಯವರು ಎದ್ದು ಹೊರಡಲು ಸಿದ್ಧರಾಗುತ್ತಾರಲ್ಲ, ಅದೂ ಇದೇ ಕಥೆ. ಒಂದು ಹೊರಡು ಅನ್ನುತ್ತದೆ, ಇನ್ನೊಂದು ಒಳ್ಳೆಯದು ಅನ್ನುತ್ತದೆ.

ದನಿಯ ದಾರಿ ಹಿಡಿಯಿರಿ

ಈಗ ನಿಜವಾದ ಪತ್ತೇದಾರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಭಾಷೆಯಲ್ಲಿ ದನಿಗಳು ಮನಬಂದಂತೆ ಬದಲಾಗುವುದಿಲ್ಲ. ಒಂದು ದನಿ ಬದಲಾಯಿತು ಅಂದರೆ ಸಾಮಾನ್ಯವಾಗಿ ಅದು ಇರುವ ಪದಗಳೆಲ್ಲ ಸಾಲಾಗಿ ಬದಲಾಗುತ್ತವೆ. ಹಳಗನ್ನಡದ ಪಾಲ್, ಪುಲಿ, ಪುಲ್ ಈಗ ಹಾಲು, ಹುಲಿ, ಹುಲ್ಲು. ಪದದ ಮೊದಲಿನ ಪಕಾರ ಹಕಾರವಾಗಿದೆ. ತಮಿಳು, ತೆಲುಗು, ತುಳು ಈ ಬದಲಾವಣೆಗೆ ಸಿಕ್ಕಲಿಲ್ಲ. ತಮಿಳಿನಲ್ಲಿ ಪುಲಿ, ತುಳುವಿನಲ್ಲಿ ಪಿಲಿ. ಸ್ವಾರಸ್ಯ ಅಂದರೆ ಜಪಾನಿ ಭಾಷೆಯಲ್ಲೂ ಇದೇ ಆಗಿದೆ. ಹೂವಿಗೆ ಅಲ್ಲಿ “ಹನ” ಅನ್ನುತ್ತಾರೆ. ಹಿಂದೆ ಅದು “ಪನ” ಆಗಿತ್ತು, ದಕ್ಷಿಣದ ತುದಿಯ ಕೆಲವು ದ್ವೀಪಗಳಲ್ಲಿ ಇವತ್ತಿಗೂ “ಪನ” ಅಂತಲೇ ಇದೆ. ಎಲ್ಲಿಯ ಕನ್ನಡ, ಎಲ್ಲಿಯ ಜಪಾನಿ! ನಂಟಿಲ್ಲದ ಭಾಷೆಗಳ ಬಾಯಿಯೂ ಒಂದೇ ಥರ ಸವೆಯಬಹುದು.

ಕನ್ನಡದ ಪದ ಹುಡುಕುವವರು ಇನ್ನೆರಡು ದಾರಿ ನೆನಪಿಟ್ಟುಕೊಂಡರೆ ಒಳ್ಳೆಯದು. ನಮ್ಮ ಬಕಾರ ಎಷ್ಟೋ ಕಡೆ ತಮಿಳಿನ ವಕಾರ. ಬಾ–ವಾ, ಬಿಲ್ಲು–ವಿಲ್, ಬೇರು–ವೇರ್. ಇಕಾರ, ಎಕಾರಗಳ ಮುಂದೆ ಬರುವ ನಮ್ಮ ಕಕಾರ ತೆಲುಗಿನಲ್ಲಿ ಚಕಾರ. ಕಿವಿ–ಚೆವಿ, ಕೆರೆ–ಚೆರುವು. ಕೆರೆ ಮತ್ತು ಚೆರುವು ಕಿವಿಗೆ ದೂರದ ಪದಗಳು, ಆದರೂ ಒಡಹುಟ್ಟಿದವು. ದನಿಯ ದಾರಿ ಗೊತ್ತಿದ್ದವರಿಗೆ ಮಾತ್ರ ಕಾಣುವ ಹೋಲಿಕೆ ಇದು.

ಜರ್ಮನಿಯ ಉತ್ತರದ ಆಡುಮಾತಿನಲ್ಲಿ ನೀರಿಗೆ “ವಾಟರ್”, ಸೇಬಿಗೆ “ಆಪೆಲ್”. ಇದು ಇಂಗ್ಲಿಷಿನಿಂದ ತಂದದ್ದು ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ಇಲ್ಲ. ದಕ್ಷಿಣದ ಜರ್ಮನ್ನಿನಲ್ಲಿ ಟಕಾರ ಸಕಾರವಾಯಿತು, ಪಕಾರ “ಪ್ಫ್” ಆಯಿತು. ಅದಕ್ಕೇ ಶಿಷ್ಟ ಜರ್ಮನ್ನಿನಲ್ಲಿ “ವಾಸರ್”, “ಆಪ್ಫೆಲ್”. ಉತ್ತರದವರು ಬದಲಾಗಲಿಲ್ಲ, ಇಂಗ್ಲಿಷೂ ಬದಲಾಗಲಿಲ್ಲ. ಉತ್ತರದವರ ಪದ ಕೆಟ್ಟ ಜರ್ಮನ್ ಅಲ್ಲ, ಹಳೆಯ ಜರ್ಮನ್.

ಈಗ ಪಗಾರಕ್ಕೆ ಬನ್ನಿ. ಪದದ ಮೊದಲೇ ಪಕಾರ. ಅಪ್ಪಟ ಕನ್ನಡ ಪದವಾಗಿದ್ದರೆ ಈ ಹೊತ್ತಿಗೆ “ಹಗಾರ” ಆಗಿರಬೇಕಿತ್ತು. “ಪಡೆ” ಥರದ ಕೆಲವು ಪದ ತಪ್ಪಿಸಿಕೊಂಡು ಉಳಿದಿವೆ, ನಿಜ. ಆದರೂ ದಿನಬಳಕೆಯ ಪದವೊಂದು ಪಕಾರದಿಂದ ಶುರುವಾದರೆ ಹೊರಗಿನಿಂದ ಬಂದದ್ದಿರಬಹುದು ಅಂತ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ. ಪೆನ್ನಿನಲ್ಲಿ ಬೇಡ.

ಬರೀ ಹೋಲಿಕೆ ನೋಡಿ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಒಂದು ಪದ ಸಾಕು. ಅಲ್ಲಿನ ಮೂಲನಿವಾಸಿಗಳ ಮಬಾಬರಮ್ ಅನ್ನುವ ಭಾಷೆಯಲ್ಲಿ ನಾಯಿಗೆ “ಡಾಗ್” ಅನ್ನುತ್ತಿದ್ದರು. ಹೌದು, ಇಂಗ್ಲಿಷಿನ ಹಾಗೇ. 1960ರ ದಶಕದಲ್ಲಿ ಅದನ್ನು ದಾಖಲಿಸಿದ ಭಾಷಾವಿಜ್ಞಾನಿ ಡಿಕ್ಸನ್ ಅವರಿಗೂ ಇಂಗ್ಲಿಷಿನಿಂದ ಬಂದಿದೆ ಅಂತಲೇ ಅನ್ನಿಸಿತು. ಆದರೆ ಸುತ್ತಲಿನ ನಂಟಿನ ಭಾಷೆಗಳಲ್ಲಿ ನಾಯಿಗೆ “ಗುಡಗ”. ಮಬಾಬರಮ್‌ನಲ್ಲಿ ಪದಗಳ ಮೊದಲ ದನಿ ಉದುರಿ, ಸ್ವರ ಬದಲಾಗುವುದು ರೂಢಿ. ಗುಡಗ ಸವೆದು ಸವೆದು “ಡಾಗ್” ಆಗಿದೆ. ಬರೀ ಕಾಕತಾಳೀಯ. ಬದ್‌ನಾಮ್, ಬದ್ಮಾಷ್‌ಗಳಲ್ಲಿರುವ ಪಾರಸಿಯ “ಬದ್” ಮತ್ತು ಇಂಗ್ಲಿಷಿನ “ಬ್ಯಾಡ್” ಕೂಡ ಹಾಗೆಯೇ. ದನಿ ಒಂದೇ, ಅರ್ಥವೂ ಒಂದೇ, ನಂಟು ಮಾತ್ರ ಇಲ್ಲ.

ಒಂದು ಪದದ ಹೋಲಿಕೆ ಸಾಲದು, ಅದೇ ದಾರಿ ಹಿಡಿದ ಇನ್ನು ಮೂರು ನಾಲ್ಕು ಪದ ತೋರಿಸಲು ಆಗಬೇಕು. ಆಗದಿದ್ದರೆ ಕಾಯಿರಿ.

ನಕ್ಷೆ ಬಿಡಿಸಿ

ಚಂದದ ನಕ್ಷೆ ಬೇಕಿಲ್ಲ. ಹಾಳೆಯ ಮೇಲೆ ಗೀಚಿದರೂ ನಡೆಯುತ್ತದೆ. ಒಂದೇ ವಸ್ತುವಿಗೆ ಎಲ್ಲೆಲ್ಲಿ ಯಾವ ಪದ ಅಂತ ಗುರುತು ಹಾಕುತ್ತಾ ಹೋಗಿ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು 1950ರಿಂದ 1961ರವರೆಗೆ 313 ಊರುಗಳಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಪ್ರಶ್ನೆ ಹಿಡಿದು ಓಡಾಡಿದ್ದು ಇದಕ್ಕೇ. ಪದ ಹೇಳಿ ಅರ್ಥ ಕೇಳುತ್ತಿರಲಿಲ್ಲ, ವಸ್ತು ತೋರಿಸಿಯೋ ವಿವರಿಸಿಯೋ “ಇದಕ್ಕೇನಂತೀರಿ?” ಅಂತ ಕೇಳುತ್ತಿದ್ದರು. ಹೆಚ್ಚಾಗಿ ಹಳ್ಳಿಯ ವಯಸ್ಸಾದವರನ್ನೇ ಕೇಳಿದರು.

ನಕ್ಷೆಯಲ್ಲಿ ಪದಗಳು ಚೆಲ್ಲಿರುವ ರೀತಿಯೇ ಕಥೆ ಹೇಳುತ್ತದೆ. ಹಳ್ಳಕ್ಕೆ ಉತ್ತರ ಇಂಗ್ಲೆಂಡಿನಲ್ಲಿ “ಬೆಕ್” ಅನ್ನುತ್ತಾರೆ, ದಕ್ಷಿಣದಲ್ಲಿ “ಬ್ರುಕ್”. ಬೆಕ್ ಇರುವ ಜಾಗಗಳು ಸಾವಿರ ವರ್ಷದ ಹಿಂದೆ ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಸೀಮೆ. ಅವರ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ಹಳ್ಳ “ಬೆಕ್ಕ್ರ್”. ಅದೇ ಸೀಮೆಯ ಜನ ಆಟ ಆಡುವುದಕ್ಕೆ “ಲೇಕ್” ಅನ್ನುತ್ತಾರೆ, ಹಳೆಯ ನಾರ್ಸ್‌ನ “ಲೈಕ”. ಡ್ಯಾನಿಶ್‌ನಲ್ಲಿ ಅದು “ಲೈ” ಅಂತ ಉಳಿದಿದೆ. “ಚೆನ್ನಾಗಿ ಆಡು” ಅನ್ನುವ ಅರ್ಥದ “ಲೈ ಗಾಟ್” (leg godt) ಅನ್ನುವ ಎರಡು ಪದಗಳ ಮೊದಲ ಎರಡೆರಡು ಅಕ್ಷರ ಕೂಡಿಸಿದರೆ ಲೆಗೋ. ಮಕ್ಕಳ ಆಟಿಕೆಯ ಹೆಸರೂ ಯಾರ್ಕ್‌ಶೈರಿನ ಅಜ್ಜಂದಿರ ಮಾತೂ ಒಂದೇ ಬೇರಿನವು.

ಇನ್ನು ತುದಿಗಳ ಕಥೆ. ಇದು ನನಗೆ ತುಂಬಾ ಇಷ್ಟ. ಜಪಾನಿನ ಯಾನಗಿತ ಕುನಿಯೊ 1920ರ ದಶಕದ ಕೊನೆಯಲ್ಲಿ ಬಸವನಹುಳುವಿಗೆ ಜಪಾನಿನ ಮೂಲೆ ಮೂಲೆಯಲ್ಲಿ ಏನಂತಾರೆ ಅಂತ ಒಟ್ಟುಮಾಡಿದರು. ಹಳೆಯ ರಾಜಧಾನಿ ಕ್ಯೋಟೊ ಸುತ್ತ ಒಂದು ಪದ. ಅದರ ಆಚೆ ಎರಡೂ ಬದಿಗೆ ಇನ್ನೊಂದು. ಅದರಾಚೆ ಮತ್ತೊಂದು. ದೇಶದ ಉತ್ತರ ತುದಿಯಲ್ಲೂ ದಕ್ಷಿಣ ತುದಿಯಲ್ಲೂ ಒಂದೇ ಪದ, ನಡುವೆ ಅದರ ಸುಳಿವೇ ಇಲ್ಲ! ಕೊಳಕ್ಕೆ ಕಲ್ಲು ಎಸೆದಾಗ ಏಳುವ ಅಲೆಗಳ ಥರ. ಹೊಸ ಪದ ನಡುವೆ ಹುಟ್ಟಿ ಹರಡುತ್ತದೆ, ಹಳೆಯದು ಅಂಚಿಗೆ ಸರಿಯುತ್ತದೆ. ತುದಿಯಲ್ಲಿರುವುದೇ ಹಳೆಯದು ಅಂತ ಅವರ ವಾದ.

ಯೂರೋಪಿನಲ್ಲೂ ಇದು ಕಾಣುತ್ತದೆ. ಚೆಲುವಿಗೆ ಲ್ಯಾಟಿನ್ನಿನಲ್ಲಿ ಎರಡು ಪದವಿತ್ತು. ಪಡುವಣ ತುದಿಯ ಸ್ಪ್ಯಾನಿಶ್‌ನಲ್ಲಿ “ಎರ್ಮೋಸೊ”, ಮೂಡಣ ತುದಿಯ ರೊಮೇನಿಯನ್‌ನಲ್ಲಿ “ಫ್ರುಮೋಸ್”. ಎರಡೂ “ಫಾರ್ಮೋಸುಸ್”ನ ಮಕ್ಕಳು. ನಡುವಿನ ಇಟಲಿ, ಫ್ರಾನ್ಸ್‌ಗಳಲ್ಲಿ “ಬೆಲ್ಲೊ”, “ಬೋ”. ಅವು “ಬೆಲ್ಲುಸ್” ಅನ್ನುವುದರ ಮಕ್ಕಳು. ಸಾವಿರಾರು ಕಿಲೋಮೀಟರ್ ದೂರದ ಎರಡು ತುದಿಗಳಲ್ಲಿ ಒಂದೇ ಪದ ಸಿಕ್ಕರೆ ಅದು ಹಳೆಯದಿರಬಹುದು ಅಂತ ಕಿವಿ ನೆಟ್ಟಗೆ ಮಾಡಿಕೊಳ್ಳಿ. ಇದು ಕಲ್ಲಿನಲ್ಲಿ ಕೊರೆದ ನಿಯಮವೇನಲ್ಲ, ಬರೀ ಸುಳಿವು.

ಅದಕ್ಕೇ ಆಡುಮಾತನ್ನು ಯಾರಾದರೂ ಅಶುದ್ಧ ಅಂದರೆ ನನಗೆ ಸಿಟ್ಟು ಬರುತ್ತದೆ. ಹವ್ಯಕರು “ನಾನು” ಅನ್ನದೆ “ಆನು” ಅನ್ನುತ್ತಾರೆ, “ನನ್ನ” ಅನ್ನದೆ “ಎನ್ನ” ಅನ್ನುತ್ತಾರೆ. ಹಳಗನ್ನಡ ಕಾವ್ಯ ತೆಗೆದು ನೋಡಿ, ಅಲ್ಲಿರುವುದೂ “ಆನ್”, “ಎನ್ನ”ಗಳೇ. ಇಂಗ್ಲಿಷಿನಲ್ಲಿ “ಆಸ್ಕ್” ಅನ್ನದೆ “ಆಕ್ಸ್” ಅನ್ನುವವರನ್ನು ನೋಡಿ ನಗುವವರಿದ್ದಾರೆ. 14ನೇ ಶತಮಾನದ ಕವಿ ಚಾಸರ್ ಕೂಡ “ಆಕ್ಸ್” ಅಂತ ಬರೆದಿದ್ದಾನೆ.

ಎಡ್ಮೋಂ ತಂದ ಮಾಹಿತಿಯಿಂದ ಗಿಲಿಯೆರೋನ್ ಬಿಡಿಸಿದ ಒಂದು ಒಗಟನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಫ್ರಾನ್ಸಿನ ನೈಋತ್ಯದಲ್ಲಿ, ಗ್ಯಾಸ್ಕನ್ ಮಾತಿನ ಸೀಮೆಯಲ್ಲಿ, ಹುಂಜಕ್ಕೆ ವಿಚಿತ್ರ ಹೆಸರುಗಳು. ಕೆಲವರು “ಅಜಾನ್” ಅನ್ನುತ್ತಾರೆ, ಅದು ನಿಜವಾಗಿ ಫೆಸೆಂಟ್ ಅನ್ನುವ ಬೇರೆ ಹಕ್ಕಿಯ ಹೆಸರು. ಕೆಲವರು “ಬಿಗೆ” ಅನ್ನುತ್ತಾರೆ, ಅದು ಊರಿನ ಅಧಿಕಾರಿಯ ಹೆಸರು! ಯಾಕಪ್ಪಾ ಇದು? ಲ್ಯಾಟಿನ್ನಿನಲ್ಲಿ ಹುಂಜ “ಗಲ್ಲುಸ್”, ಬೆಕ್ಕು “ಕಟ್ಟುಸ್”. ಆ ಸೀಮೆಯಲ್ಲಿ ಪದದ ಕೊನೆಯ ಲಕಾರ ಟಕಾರವಾಗುತ್ತದೆ. ಹಾಗಾಗಿ ಹುಂಜ “ಗಾಟ್” ಆಯಿತು. ಬೆಕ್ಕು ಆಗಲೇ “ಗಾಟ್” ಆಗಿತ್ತು. ರೈತನ ಮನೆಯಲ್ಲಿ ಹುಂಜಕ್ಕೂ ಬೆಕ್ಕಿಗೂ ಒಂದೇ ಹೆಸರಾದರೆ ಗತಿಯೇನು? ಯಾವುದು ಯಾವುದನ್ನು ತಿಂದಿತು ಅಂತ ಹೇಳುವುದು ಹೇಗೆ? ಜನ ಹುಂಜಕ್ಕೆ ಬೇರೆ ಹೆಸರು ಇಟ್ಟುಕೊಂಡರು. ಎದೆ ಉಬ್ಬಿಸಿ ನಡೆಯುವ ಅಧಿಕಾರಿಯ ಹೆಸರು ಇಟ್ಟವರ ತಮಾಷೆ ನೋಡಿ. ನಕ್ಷೆಯಲ್ಲಿ ಈ ವಿಚಿತ್ರ ಹೆಸರುಗಳ ಗಡಿಯೂ, ಲಕಾರ ಟಕಾರವಾಗುವ ಗಡಿಯೂ ಒಂದರ ಮೇಲೊಂದು ಕೂರುತ್ತವೆ. ಪ್ರಮಾಣ ಅಂದರೆ ಇದು.

ಪಗಾರವನ್ನೂ ಗೀಚಿ ನೋಡಿ. ಕನ್ನಡದ ಉತ್ತರ ಭಾಗ, ಅದಕ್ಕೆ ತಾಗಿದ ಮರಾಠಿ, ಕೊಂಕಣಿ, ಇನ್ನೂ ಮೇಲೆ ಗುಜರಾತಿ. ಎಲ್ಲದರಲ್ಲೂ ಪಗಾರ. ಕೆಳಗೆ ಬಂದರೆ ಸಂಬಳ, ತಮಿಳು ಮಲಯಾಳಗಳಲ್ಲೂ ಅದೇ ಪದದ ರೂಪಗಳು. ಪಗಾರ ಪಶ್ಚಿಮ ಕರಾವಳಿಗೆ ಅಂಟಿಕೊಂಡಿದೆ. ಅಂದರೆ ಸಮುದ್ರದ ಕಡೆ ನೋಡಬೇಕು.

ನಿಘಂಟಿನ ಬಳಿಗೆ ಈಗ ಹೋಗಿ

ನಿಘಂಟನ್ನು ಇಷ್ಟು ತಡವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಮೊದಲೇ ತೆರೆದರೆ ಅಲ್ಲಿರುವುದನ್ನೇ ನಂಬಿ ಹುಡುಕಾಟ ನಿಲ್ಲಿಸಿಬಿಡುತ್ತೇವೆ. ಏನು ಹುಡುಕಬೇಕು ಅಂತ ಗೊತ್ತಾದ ಮೇಲೆ ತೆರೆಯಿರಿ.

ಕನ್ನಡಕ್ಕೆ 1894ರ ಕಿಟ್ಟೆಲ್ ನಿಘಂಟು ಇವತ್ತಿಗೂ ಮೊದಲ ಬಾಗಿಲು. ಅದರಲ್ಲಿ ಪದ ಯಾವ ಭಾಷೆಯಿಂದ ಬಂತು, ತಮಿಳು ತೆಲುಗಿನಲ್ಲಿ ಏನು ರೂಪ ಅಂತ ಎಷ್ಟೋ ಕಡೆ ಗುರುತಿದೆ. ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು, ಹಳೆಯ ಕೃತಿಗಳ ಸಾಲುಗಳ ಸಮೇತ. ದ್ರಾವಿಡ ನಂಟು ನೋಡಲು ಬರೋ ಮತ್ತು ಎಮೆನೋ ಅವರ ಪದಮೂಲ ಕೋಶ. 1961ರಲ್ಲಿ ಬಂತು, ಎರಡನೇ ಆವೃತ್ತಿ 1984ರಲ್ಲಿ. ಆನ್‌ಲೈನ್‌ನಲ್ಲಿ ಉಚಿತವಾಗಿ ನೋಡಬಹುದು. ಅಲ್ಲಿ ಹಕಾರದ ಕನ್ನಡ ಪದ ಹುಡುಕುವಾಗ ಪಕಾರದ ತಮಿಳು ರೂಪ ಹಾಕಿ ನೋಡಿ, ಬೇಗ ಸಿಗುತ್ತದೆ. ಇಂಗ್ಲಿಷ್ ಆಡುಮಾತಿಗೆ ಜೋಸೆಫ್ ರೈಟ್ ಅವರ ಆರು ಸಂಪುಟ, 1898ರಿಂದ 1905. ಈ ರೈಟ್ ಹುಡುಗನಾಗಿದ್ದಾಗ ಗಿರಣಿಯಲ್ಲಿ ದುಡಿಯುತ್ತಿದ್ದರು, ಹದಿನೈದರ ಹೊತ್ತಿಗೆ ಓದಲು ಕಲಿತರು, ಆಮೇಲೆ ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರಾದರು.

ನಿಘಂಟಿನಲ್ಲಿ ಅರ್ಥಕ್ಕಿಂತ ಮೊದಲು ನೋಡಬೇಕಾದ್ದು ಪದ ಮೊದಲು ಬರವಣಿಗೆಯಲ್ಲಿ ಕಂಡ ಕಾಲ ಮತ್ತು ಆಗಿನ ರೂಪ. ಇನ್ನೊಂದು ಮಾತು, ನಿಘಂಟೂ ತಪ್ಪುತ್ತದೆ. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ “ಡಾರ್ಡ್” ಅಂತ ಒಂದು ಪದ, ಅರ್ಥ ಸಾಂದ್ರತೆ. ಅಂಥ ಪದವೇ ಇಲ್ಲ. “ಡಿ ಆರ್ ಡಿ”, ಅಂದರೆ ದೊಡ್ಡ ಡಿ ಅಥವಾ ಚಿಕ್ಕ ಡಿ ಸಾಂದ್ರತೆಯ ಸಂಕೇತ ಅಂತ ಬರೆದಿದ್ದ ಚೀಟಿಯನ್ನು ಯಾರೋ ಒಂದೇ ಪದ ಅಂದುಕೊಂಡರು. 1939ರಲ್ಲಿ ಒಬ್ಬ ಸಂಪಾದಕರ ಕಣ್ಣಿಗೆ ಬಿತ್ತು. ಹೇಗೆ ಗೊತ್ತೇ? ಆ ಪದಕ್ಕೆ ಮೂಲವನ್ನೇ ಕೊಟ್ಟಿರಲಿಲ್ಲ.

ಪಗಾರಕ್ಕೆ ನಿಘಂಟುಗಳು ಪೋರ್ಚುಗೀಸ್ ಕಡೆ ಕೈ ತೋರಿಸುತ್ತವೆ. “ಪಗಾರ್” ಅಂದರೆ ಹಣ ಕೊಡು, ಸಲ್ಲಿಸು. 1510ರಿಂದ 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು, ನಕ್ಷೆಗೆ ಸರಿಹೋಯಿತು. ಆದರೂ ಒಂದು ಪರೀಕ್ಷೆ ಬಾಕಿ. ಸಾಲ ತಂದ ಪದ ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ, ಜೊತೆಗಾರರನ್ನು ಕರೆತರುತ್ತದೆ. ಹುಡುಕಿ. ಚಾವಿ ಅಲ್ಲಿನ “ಶಾವ್”. ಅಲ್ಮೇರಾ ಅಲ್ಲಿನ “ಅರ್ಮಾರಿಯೊ”. ತಮಿಳಿನ ಜನ್ನಲ್ ಅಲ್ಲಿನ “ಜನೇಲ”. ಜೊತೆಗಾರರು ಇದ್ದಾರೆ.

ಇನ್ನೂ ಹಿಂದೆ ಹೋದರೆ ಪೋರ್ಚುಗೀಸ್ ಪಗಾರ್ ಲ್ಯಾಟಿನ್ನಿನ “ಪಾಕಾರೆ”. ಅಂದರೆ ಸಮಾಧಾನ ಮಾಡು. ಅದರ ಬೇರು “ಪಾಕ್ಸ್”, ಶಾಂತಿ. ಸಾಲ ಕೊಟ್ಟವನ ಕೈಗೆ ಹಣ ಹಾಕಿ ಅವನನ್ನು ಸಮಾಧಾನ ಮಾಡುವುದು ಅನ್ನುವ ಅರ್ಥ ನಿಧಾನವಾಗಿ ಹಣ ಕೊಡುವುದು ಅಂತಾಯಿತು. ಅದೇ ಪಾಕಾರೆ ಫ್ರೆಂಚ್ ದಾರಿಯಲ್ಲಿ ಹೋಗಿ ಇಂಗ್ಲಿಷಿನ “ಪೇ” ಆಗಿದೆ. “ಪೀಸ್” ಕೂಡ ಅದೇ ಮನೆಯದು. ತಿಂಗಳ ಕೊನೆಯಲ್ಲಿ ಪಗಾರ ಸಿಕ್ಕರೆ ಮನೆಯಲ್ಲಿ ಶಾಂತಿ ಅನ್ನುವುದು ಬರೀ ತಮಾಷೆಯ ಮಾತಲ್ಲ.

ಕಥೆ ಜಾಸ್ತಿ ಚೆನ್ನಾಗಿದ್ದರೆ ಅನುಮಾನಪಡಿ

ಹಿಂದೊಮ್ಮೆ ಒಂದು ಕೂಟದಲ್ಲಿ ನಾನು ಇಂಗ್ಲಿಷಿನ “ಪಾಶ್”, ಅಂದರೆ ಶ್ರೀಮಂತ ಠೀವಿಯದು, ಅನ್ನುವ ಪದದ ಕಥೆ ಹೇಳಿದೆ. ಇಂಗ್ಲೆಂಡಿನ ಶ್ರೀಮಂತರು ಭಾರತಕ್ಕೆ ಹೊರಟಾಗ ಹಡಗಿನ ಎಡಬದಿ, ಮನೆಗೆ ಮರಳುವಾಗ ಬಲಬದಿ ಕೋಣೆ ಹಿಡಿಯುತ್ತಿದ್ದರು, ಬಿಸಿಲು ಬೀಳದ ಬದಿ. ಟಿಕೆಟ್ಟಿನ ಮೇಲೆ “ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್” ಅನ್ನುವ ನಾಲ್ಕು ಪದಗಳ ಮೊದಲ ಅಕ್ಷರ ಅಚ್ಚು ಹಾಕುತ್ತಿದ್ದರು, ಅದೇ ಪಾಶ್. ಎಲ್ಲರೂ ತಲೆದೂಗಿದರು. ಹಿಂದಿನ ಸಾಲಿನ ಹಿರಿಯರೊಬ್ಬರು “ಅಂಥ ಟಿಕೆಟ್ ಒಂದನ್ನಾದರೂ ನೋಡಿದ್ದೀರಾ?” ಅಂದರು. ನಾನು ನೋಡಿರಲಿಲ್ಲ. ಮನೆಗೆ ಬಂದು ಹುಡುಕಿದೆ. ಅಂಥ ಟಿಕೆಟ್ ಯಾರಿಗೂ ಸಿಕ್ಕಿಲ್ಲ.

ಮೊದಲಕ್ಷರ ಜೋಡಿಸಿ ಮಾಡಿದ ಮೂಲಗಳನ್ನು ಕೇಳಿದಾಗಲೆಲ್ಲ ಈ ಟಿಕೆಟ್ ನೆನಪಿಸಿಕೊಳ್ಳಿ. 20ನೇ ಶತಮಾನಕ್ಕೆ ಮೊದಲು ಹಾಗೆ ಪದ ಕಟ್ಟುವುದು ತೀರ ಅಪರೂಪ.

ಕಾಂಗರೂ ಕಥೆಯನ್ನು ನೀವೂ ಕೇಳಿರುತ್ತೀರಿ. ಇದೇನು ಪ್ರಾ‍ಣಿ ಅಂತ ಬಿಳಿಯರು ಕೇಳಿದರಂತೆ, ಅಲ್ಲಿಯವರು “ನನಗೆ ಗೊತ್ತಿಲ್ಲ” ಅಂದರಂತೆ, ಅದೇ ಹೆಸರಾಯಿತಂತೆ. ಸುಳ್ಳು. 1770ರಲ್ಲಿ ಇಂಗ್ಲೆಂಡಿನ ನಾವಿಕ ಕುಕ್‌ನ ಹಡಗು ಆಸ್ಟ್ರೇಲಿಯಾದ ಈಶಾನ್ಯ ತೀರದಲ್ಲಿ ರಿಪೇರಿಗೆ ನಿಂತಿದ್ದಾಗ ಅಲ್ಲಿನ ಗುಗು ಯಿಮಿದಿರ್ ಭಾಷೆಯವರಿಂದ ಕೇಳಿ ಬರೆದುಕೊಂಡ ಪದ ಅದು. ಅದೇ ಜಾಗಕ್ಕೆ 1820ರಲ್ಲಿ ಹೋದ ಇನ್ನೊಬ್ಬ ನಾವಿಕನಿಗೆ ಬೇರೆಯೇ ಪದ ಸಿಕ್ಕಿತು, ಗೊಂದಲ ಬೆಳೆಯಿತು. 1970ರ ದಶಕದಲ್ಲಿ ಜಾನ್ ಹ್ಯಾವಿಲ್ಯಾಂಡ್ ಆ ಭಾಷೆಯವರ ನಡುವೆ ಕೂತು ಕೇಳಿದಾಗ “ಗಂಗುರು” ಅವರ ಬಾಯಲ್ಲೇ ಇತ್ತು, ಒಂದು ಜಾತಿಯ ದೊಡ್ಡ ಕಾಂಗರೂವಿನ ಹೆಸರು. ನಾವಿಕನಿಗೆ ಸಿಕ್ಕ ಇನ್ನೊಂದು ಪದಕ್ಕೆ ತಿನ್ನಬಹುದಾದ ಪ್ರಾಣಿ ಅಂತ ಅರ್ಥ. ಇಬ್ಬರೂ ಸರಿಯಾಗಿಯೇ ಕೇಳಿಸಿಕೊಂಡಿದ್ದರು. ಹೇಳಿದವರೂ ಸರಿಯಾಗಿಯೇ ಹೇಳಿದ್ದರು. ಇನ್ನೂರು ವರ್ಷ ನಕ್ಕವರು ಮಾತ್ರ ಹೋಗಿ ಕೇಳಿರಲಿಲ್ಲ.

ಕೊನೆಗೆ ಚೀಟಿ ಬರೆದಿಡಿ

ಈಗ ನಾನು ಒಂದೊಂದು ಪದಕ್ಕೆ ಒಂದೊಂದು ಚೀಟಿ ಇಡುತ್ತೇನೆ. ಪಗಾರದ ಚೀಟಿ ಹೀಗಿದೆ: “ಕೇಳಿದ್ದು: ಇನ್ನೂ ಪಗಾರ ಆಗಿಲ್ರೀ. ಬಳಕೆ: ತಿಂಗಳಿಗೊಮ್ಮೆ ಸಿಗುವ ಕೂಲಿ ಅಥವಾ ವೇತನ. ಎಲ್ಲಿ: ಉತ್ತರದ ಕನ್ನಡ, ಮರಾಠಿ, ಕೊಂಕಣಿ, ಗುಜರಾತಿ. ಮೂಲ: ಪೋರ್ಚುಗೀಸ್ ಪಗಾರ್, ಅದರ ಹಿಂದೆ ಲ್ಯಾಟಿನ್ ಪಾಕಾರೆ. ಜೊತೆಗಾರರು: ಚಾವಿ, ಅಲ್ಮೇರಾ. ನಂಬಿಕೆ: ಗಟ್ಟಿ.”

ಆ ಕೊನೆಯ ಸಾಲು ಮರೆಯಬೇಡಿ. ಗಟ್ಟಿ, ಇರಬಹುದು, ಗೊತ್ತಿಲ್ಲ, ಮೂರರಲ್ಲಿ ಒಂದನ್ನು ಪ್ರಾಮಾಣಿಕವಾಗಿ ಬರೆಯಿರಿ. ನನ್ನ ಡಬ್ಬಿಯಲ್ಲಿ “ಗೊತ್ತಿಲ್ಲ” ಚೀಟಿಗಳೇ ಜಾಸ್ತಿ, ಅದಕ್ಕೆ ನಾಚಿಕೆಯೇನಿಲ್ಲ. ಮಬಾಬರಮ್ ಭಾಷೆಯ “ಡಾಗ್” ಎಲ್ಲಿಂದ ಬಂತು ಅಂತ ಡಿಕ್ಸನ್ ಹೆಜ್ಜೆ ಹೆಜ್ಜೆಯಾಗಿ ತೋರಿಸಿದರಲ್ಲ, ಇಂಗ್ಲಿಷಿನ “ಡಾಗ್” ಎಲ್ಲಿಂದ ಬಂತು ಅಂತ ಇವತ್ತಿಗೂ ಯಾರಿಗೂ ಖಚಿತವಾಗಿ ತೋರಿಸಲು ಆಗಿಲ್ಲ.